ಪಂಪು ನಿಂತಿದ್ದಾಗ ಬರೆದ ಮೂರು ರೀಡಿಂಗು

ಮೊದಲ ಬೆಳಗು

ಆ ಬೆಳಿಗ್ಗೆ ತಿಂಡಿಯ ಮೇಜಿನ ಸುತ್ತ ನಾವು ನಾಲ್ವರಿದ್ದೆವು. ಮನೆಯೊಡತಿ ಮಾರೈಕೆ, ಆರಡಿ ಮೀರಿದ ಹೆಂಗಸು, ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಲ್ಯಾಬಿನ ಮುಖ್ಯಸ್ಥೆ. ಅವರ ಗಂಡ ಯಾನ್, ಮಾತನ್ನು ತೂಕ ಹಾಕಿ ಆಡುವವರು. ಚಿಕ್ಕಬಳ್ಳಾಪುರದ ನಮ್ಮ ಕಾಲೇಜಿನ ಲ್ಯಾಬ್ ಇನ್‌ಸ್ಟ್ರಕ್ಟರ್ ಅಂಜಿನಪ್ಪ, ಚಿಂತಾಮಣಿ ತಾಲ್ಲೂಕು ಕೆಂಚಾರ್ಲಹಳ್ಳಿಯವರು, ನಿವೃತ್ತಿಗೆ ಇನ್ನೆರಡು ವರ್ಷ. ನಾಲ್ಕನೆಯವಳು ನಾನು, ಅಂಜಿನಪ್ಪನವರ ಲ್ಯಾಬಿನಲ್ಲೇ ಪಾಠ ಹೇಳುವ ಮೇಡಂ. ಹಾಲೆಂಡಿನ ಉತ್ತರದಲ್ಲಿರುವ ಆ ಊರಿನ ಹೆಸರು ಇಂದಿಗೂ ನನ್ನ ಗಂಟಲಿಗೆ ಒಗ್ಗಿಲ್ಲ. ಹೇಳಲು ಹೋದರೆ ಕೆಮ್ಮು ಬಂದಂತಾಗುತ್ತದೆ.

ಯಾನ್ ಬ್ರೆಡ್ಡಿಗೆ ಬೆಣ್ಣೆ ಸವರಿದರು. ಡಬ್ಬಿಯಿಂದ ಕಪ್ಪು ಕಾಳಿನಂಥದ್ದನ್ನು ಅದರ ಮೇಲೆ ಸುರಿದುಕೊಂಡರು. ಅಂಜಿನಪ್ಪ ನನ್ನತ್ತ ಬಾಗಿದರು.

"ಮೇಡಂ, ಏನದು?"

"ಚಾಕ್ಲೇಟ್ ಚೂರು."

"ಬೆಳಿಗ್ಗೆ ತಿಂಡಿಗಾ? ಅರವತ್ತು ವರ್ಷದೋರು?"

"ಸುಮ್ನಿರಿ ಅಂಜಿನಪ್ಪ, ನೋಡ್ತಾವ್ರೆ."

"ನೋಡ್ಲಿ ಬಿಡಿ. ನಮ್ಮ ಮೊಮ್ಮಗ ಹಿಂಗ್ ತಿಂದ್ರೆ ಬೆನ್ನಿಗೆ ಬೀಳ್ತದೆ."

ಯಾನ್ ಗಂಭೀರವಾಗಿ ಆ ಡಬ್ಬಿಯನ್ನು ಅವರತ್ತ ಸರಿಸಿದರು. ಬೇಡವೆನ್ನಲಾಗದೆ ಅಂಜಿನಪ್ಪ ತಿಂದರು. ಮೂರನೆಯ ದಿನದಿಂದ ಕೇಳಿ ತಿಂದರು.

ನಾವು ಹೋದದ್ದು ಲ್ಯಾಬ್ ಪಾಠ ಹೇಗೆ ನಡೆಸುತ್ತಾರೆಂದು ನೋಡಿ ಬಂದು, ನಮ್ಮದನ್ನು ಹೊಸದಾಗಿ ಬರೆಯುವುದಕ್ಕೆ. ನಮ್ಮನ್ನು ಕರೆದು ಬರೆದ ಪತ್ರದಲ್ಲಿ ಮಾರೈಕೆ ಒಂದು ಷರತ್ತು ಹಾಕಿದ್ದರು: ಪಾಠ ಹೇಳುವವರ ಜೊತೆಗೆ, ಲ್ಯಾಬಿನಲ್ಲಿ ನಿಜವಾಗಿ ಸ್ಪ್ಯಾನರ್ ಹಿಡಿಯುವವರು ಯಾರೋ ಅವರೂ ಬರಬೇಕು. ಅದನ್ನು ಓದಿ ನಮ್ಮ ವಿಭಾಗದ ಮುಖ್ಯಸ್ಥರ ಮುಖ ಹುಣಸೆಹಣ್ಣು ತಿಂದಂತಾಯಿತು. ಆ ಜಾಗಕ್ಕೆ ಅವರೇ ಸೂಟು ಹೊಲಿಸಿಟ್ಟಿದ್ದರು ಎಂದು ಆಮೇಲೆ ಗೊತ್ತಾಯಿತು.

ಹೊರಡುವಾಗ ನನ್ನ ತಲೆಯಲ್ಲಿ ಒಂದು ಕೆಲಸ ಅರ್ಧಕ್ಕೇ ನಿಂತಿತ್ತು. ಅದರ ಹೆಸರು ತಬಸ್ಸುಮ್. ಶಿಡ್ಲಘಟ್ಟದ ಹುಡುಗಿ. ಮನೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ. ಬಿಸಿನೀರಿಂದ ತಣ್ಣೀರಿಗೆ ಶಾಖ ದಾಟಿಸುವ ಜೋಡಿ ಪೈಪಿನ ಯಂತ್ರ, ಅಂದರೆ ಹೀಟ್ ಎಕ್ಸ್‌ಚೇಂಜರ್ ಪ್ರಯೋಗದಲ್ಲಿ ಅವಳಿಗೆ 'ಆನ್ಸರ್' ಬರಲೇ ಇಲ್ಲ. ಮಾದರಿ ರೀಡಿಂಗ್ ಬರೆದಿಟ್ಟಿದ್ದ ಲ್ಯಾಬಿನ ಹಸಿರು ರಟ್ಟಿನ ಪುಸ್ತಕದಲ್ಲಿದ್ದುದರ ಅರ್ಧ ಬಂತು. ರೆಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ 'ರಿಪೀಟ್' ಎಂದು ಬರೆದೆ. ಮತ್ತೆ ಮಾಡಿದಳು, ಮತ್ತೆ ಅರ್ಧ. ಮೂರು ಸಲ ಹೀಗೇ ಆಯಿತು.

"ಎಲ್ರಿಗೂ ಬಂದಿದೆ. ನಿಂಗ್ಯಾಕಮ್ಮ ಬರಲ್ಲ?" ಎಂದೆ.

"ಥರ್ಮಾಮೀಟರ್ ತೋರ್ಸಿದ್ದು ಬರ್ದಿದೀನಿ ಮೇಡಂ. ಪೈಪೊಳಗೆ ಏನೋ ಇದೆ ಅನ್ಸತ್ತೆ."

"ಪೈಪೊಳಗೇನಿದೆ ಅಂತ ನಾನು ಕೇಳಿದ್ನಾ? ಆನ್ಸರ್ ಕೇಳಿದ್ದು."

"ಹಂಗಾದ್ರೆ ಏನ್ ಬರೀಬೇಕು ಅಂತ ನೀವೇ ಹೇಳಿಬಿಡಿ ಮೇಡಂ, ಬರೀತೀನಿ."

ನನಗದು ಉದ್ಧಟತನವಾಗಿ ಕಂಡಿತು. ರೆಕಾರ್ಡಿಗೆ ಸಹಿ ಹಾಕದೆ ಇಟ್ಟೆ. ನಾನು ಹಿಂತಿರುಗಿದ ಮೇಲೆ ಸೋಮವಾರ ಅಂಕಪಟ್ಟಿ ಕಳಿಸುವ ಕೊನೆಯ ದಿನ. ಅಷ್ಟರೊಳಗೆ ಸಹಿ ಬೀಳದಿದ್ದರೆ ಅವಳು ಪರೀಕ್ಷೆಗೆ ಕೂರುವಂತಿಲ್ಲ. ವರ್ಷ ಹೋಗುತ್ತದೆ, ಜೊತೆಗೆ ವಿದ್ಯಾರ್ಥಿವೇತನವೂ. ಅಷ್ಟಾದ ಮೇಲೆ ಓದು ನಡೆಯುವುದು ಅನುಮಾನ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಬಂದ ಮೇಲೆ ನೋಡೋಣ ಎಂದುಕೊಂಡು ವಿಮಾನ ಹತ್ತಿದ್ದೆ.

ಲ್ಯಾಬಿನಲ್ಲಿ

ಮೊದಲ ಆಘಾತ ಬಾಗಿಲಲ್ಲೇ ಕಾದಿತ್ತು. ಹನ್ನೆರಡು ವಿದ್ಯಾರ್ಥಿಗಳು, ಸುತ್ತ ಹೊಳೆಯುವ ಯಂತ್ರಗಳು, ಯಾರೊಬ್ಬರೂ ಅವನ್ನು ಮುಟ್ಟುತ್ತಿಲ್ಲ. ಕೂತು ಕಾಗದದ ಮೇಲೆ ಏನೋ ಗೀಚುತ್ತಾ ಜಗಳವಾಡುತ್ತಿದ್ದಾರೆ.

"ಮ್ಯಾನುಯಲ್ ಎಲ್ಲಿ?" ಎಂದು ಕೇಳಿದೆ. ನಮ್ಮಲ್ಲಿ ಮ್ಯಾನುಯಲ್ ಎಂದರೆ ಮಂತ್ರದ ಪುಸ್ತಕ. ಉದ್ದೇಶ, ಸಾಮಗ್ರಿ, ವಿಧಾನ, ಕೋಷ್ಟಕ, ಕೊನೆಗೆ ಫಲಿತಾಂಶ. ಒಂದಕ್ಷರ ಆಚೀಚೆ ಆಗುವಂತಿಲ್ಲ.

"ಇಲ್ಲ," ಎಂದರು ಮಾರೈಕೆ. ಗೋಡೆಗೆ ಅಂಟಿಸಿದ್ದ ಒಂದು ಚೀಟಿ ತೋರಿಸಿದರು. ಅದರಲ್ಲಿದ್ದದ್ದು ಒಂದೇ ಸಾಲು: ಈ ಹೀಟ್ ಎಕ್ಸ್‌ಚೇಂಜರ್ ಕೊಂಡ ದಿನ ಇದ್ದಷ್ಟೇ ಚೆನ್ನಾಗಿದೆಯೇ, ನೋಡಿ ಹೇಳಿ.

ಹೇಗೆ ನೋಡಬೇಕು, ಎಷ್ಟು ಸಲ ಅಳೆಯಬೇಕು, ಏನು ತಪ್ಪಾದೀತು, ಎಲ್ಲ ಅವರೇ ಯೋಚಿಸಿ ಬರೆದುಕೊಡಬೇಕು. ಅದನ್ನು ಒಪ್ಪುವವರೆಗೆ ಸ್ವಿಚ್ ಮುಟ್ಟುವ ಹಾಗಿಲ್ಲ. ಒಂದು ವಾರ ಬರೀ ಯೋಚನೆ! ನಮ್ಮಲ್ಲಾದರೆ ಅಷ್ಟರಲ್ಲಿ ನಾಲ್ಕು ಪ್ರಯೋಗ ಮುಗಿಸಿ, ಸೀಸದಕಡ್ಡಿಯಲ್ಲಿ ಚಿತ್ರ ಬರೆದು, ಅಂಚಿಗೆ ಗೆರೆ ಎಳೆದು, ಸಹಿಯನ್ನೂ ಹಾಕಿಸಿಕೊಂಡಿರುತ್ತಾರೆ.

ಎರಡನೆಯ ಆಘಾತ ಕೊಟ್ಟವನು ಸ್ಯಾಂಡರ್ ಎಂಬ ಕೆಂಚುಗೂದಲಿನ ವಿದ್ಯಾರ್ಥಿ. ಮೇಜಿನ ಮೇಲೆ ಕಾಲು ನೀಡಿಕೊಂಡೇ, "ಮಾರೈಕೆ, ನೀನು ನಿನ್ನೆ ಹೇಳಿದ್ದು ತಪ್ಪು," ಎಂದ. ಹೆಸರು ಹಿಡಿದು! ಏಕವಚನದ ಧಾಟಿಯಲ್ಲಿ! ಈಗ ಗುಡುಗು ಬಂತು ಎಂದು ನಾನು ಕುತ್ತಿಗೆ ಕುಗ್ಗಿಸಿದೆ. ಮಾರೈಕೆ ಅವನ ಲೆಕ್ಕ ನೋಡಿ, "ಹೌದು, ತಪ್ಪು," ಎಂದು ಮುಂದಿನ ಮೇಜಿಗೆ ಹೋದರು. ಆಕಾಶ ಕಳಚಿ ಬೀಳಲಿಲ್ಲ.

ಮೂರನೆಯದಕ್ಕೆ ಅಂಜಿನಪ್ಪನವರೇ ಗೋಡೆಗೆ ಒರಗಿಬಿಟ್ಟರು. ಪ್ರತಿ ವರ್ಷವೂ ಮಾರೈಕೆ ಬೇಕೆಂದೇ ಯಂತ್ರದಲ್ಲಿ ಒಂದು ದೋಷ ಇಡುತ್ತಾರಂತೆ. ಒಂದು ವರ್ಷ ಎರಡು ಡಿಗ್ರಿ ಹೆಚ್ಚು ತೋರಿಸುವ ಥರ್ಮಾಮೀಟರ್, ಇನ್ನೊಂದು ವರ್ಷ ಅರ್ಧ ಮುಚ್ಚಿದ ವಾಲ್ವ್. ಅದನ್ನು ಪತ್ತೆ ಹಚ್ಚಿದವರಿಗೇ ಒಳ್ಳೆಯ ಅಂಕ. ಪ್ರಯೋಗ ಕೆಟ್ಟರೂ ಸರಿ, ಯಾಕೆ ಕೆಟ್ಟಿತು ಎಂದು ಹೇಳಬೇಕು.

"ಅಯ್ಯೋ ದೇವುಡಾ," ಎಂದರು ಅಂಜಿನಪ್ಪ. "ಇನ್‌ಸ್ಪೆಕ್ಷನ್ ಬಂದ್ರೆ ಕೆಟ್ಟಿರೋದನ್ನ ಮುಚ್ಚಿಡೋಕೆ ನಾವು ಸಾಯ್ತೀವಿ. ಇವ್ರು ನೆಟ್ಟಗಿರೋದನ್ನ ಕೂತು ಕೆಡಿಸ್ತಾರಲ್ಲ ಮೇಡಂ!"

ಭಾನುವಾರ

ಯಾನ್ ತಮ್ಮ ಅಕ್ಕನ ಹುಟ್ಟುಹಬ್ಬಕ್ಕೆ ನಮ್ಮನ್ನೂ ಕರೆದರು. ಹೋದೊಡನೆ ನೆಂಟರೆಲ್ಲ ನಮ್ಮ ಕೈ ಕುಲುಕಿ ನಮಗೇ ಶುಭಾಶಯ ಹೇಳಿದರು. ಅಂಜಿನಪ್ಪ ಗಾಬರಿಯಾಗಿ, "ನಂದಲ್ಲ, ನಂದು ಶ್ರಾವಣದಲ್ಲಿ," ಎಂದು ಕನ್ನಡದಲ್ಲೇ ವಿವರಿಸಿದರು. ಅಲ್ಲಿ ಒಬ್ಬರ ಹುಟ್ಟುಹಬ್ಬಕ್ಕೆ ಇಡೀ ಕುಟುಂಬಕ್ಕೆ ಶುಭಾಶಯ ಹೇಳುವುದು ಪದ್ಧತಿ.

ಎಲ್ಲರನ್ನೂ ವೃತ್ತಾಕಾರದಲ್ಲಿ ಕೂರಿಸಿ ಕಾಫಿ ಕೊಟ್ಟರು. ಬಿಸ್ಕತ್ತಿನ ಡಬ್ಬಿ ಸುತ್ತು ಬಂತು. ತಲೆಗೊಂದು ತೆಗೆದುಕೊಂಡ ಮೇಲೆ ಮುಚ್ಚಳ ಟಪ್ ಎಂದು ಮುಚ್ಚಿಕೊಂಡು ಡಬ್ಬಿ ಕಪಾಟು ಸೇರಿತು.

"ಮುಚ್ಚಿಬಿಟ್ರಲ್ಲ ಮೇಡಂ," ಎಂದರು ಅಂಜಿನಪ್ಪ, ಕಣ್ಣನ್ನು ಕಪಾಟಿನಿಂದ ಕೀಳದೆ. "ನಮ್ಮೂರಲ್ಲಿ ಬೇಡ ಅಂದ್ರೂ ಎಲೆಗೆ ಹಾಕಿ ಓಡೋಗ್ತಾರೆ."

ಟಾಯ್ಲೆಟ್ಟಿಗೆ ಹೋಗಿ ಬಂದ ಅಂಜಿನಪ್ಪನವರ ಮುಖ ಬಿಳಿಚಿಕೊಂಡಿತ್ತು. ಒಳಗೆ ಗೋಡೆಗೆ ಒಂದು ಕ್ಯಾಲೆಂಡರ್ ತೂಗುಹಾಕಿದ್ದರಂತೆ, ತುಂಬ ಜನರ ಹೆಸರು. "ಸತ್ತೋರ ಹೆಸ್ರಾ? ಅಲ್ಲಿ ಯಾಕೆ ಹಾಕವ್ರೆ?" ವಿಚಾರಿಸಿದೆ. ಬದುಕಿರುವ ನೆಂಟರ ಹುಟ್ಟುಹಬ್ಬದ ಪಟ್ಟಿ. ದಿನಾ ತಪ್ಪದೆ ಹೋಗಿ ಕೂರುವ ಜಾಗದಲ್ಲಿದ್ದರೆ ಮರೆಯುವುದಿಲ್ಲವಲ್ಲ ಎಂದರು ಯಾನ್. ಅಂಜಿನಪ್ಪ ಬಹಳ ಹೊತ್ತು ಯೋಚಿಸಿ, "ಲೆಕ್ಕ ಸರಿ," ಎಂದು ಒಪ್ಪಿದರು.

ನಗುತ್ತಲೇ ಮನೆಗೆ ಬಂದೆವು. ಇಂಥವೇ ಎಡವಟ್ಟುಗಳ ಗಂಟು ಕಟ್ಟಿಕೊಂಡು ಊರಿಗೆ ಮರಳಬಹುದು ಎಂದುಕೊಂಡಿದ್ದೆ. ಹಾಗಾಗಲಿಲ್ಲ.

ಪಂಪು ನಿಂತ ದಿನ

ಎರಡನೆಯ ವಾರ ಮಾರೈಕೆ, "ನೀವಿಬ್ಬರೂ ಒಂದು ತಂಡವಾಗಿ ಮಾಡಿ," ಎಂದರು. ವಿದ್ಯಾರ್ಥಿಗಳ ಜೊತೆ ನಾವೂ ಅಳೆದು, ಮಧ್ಯಾಹ್ನ ಎಲ್ಲರೆದುರು ಹೇಳಬೇಕು. ಅಂಜಿನಪ್ಪ ಉಬ್ಬಿದರು. ಅಂಥ ಯಂತ್ರ ಓಡಿಸಿ ಅವರ ಕೈ ಪಳಗಿತ್ತು. ಬಿಸಿನೀರು ಬಿಟ್ಟರು, ತಣ್ಣೀರು ಬಿಟ್ಟರು, ನಾನು ಓದಿದೆ, ಅವರು ಬರೆದರು. ಐದು ರೀಡಿಂಗ್ ಆಗುವಷ್ಟರಲ್ಲಿ ಪಂಪು ಗೊರಗೊರ ಎಂದು ನಿಂತುಬಿಟ್ಟಿತು. ಮೆಕ್ಯಾನಿಕ್ ಬಂದು ನೋಡಿ, ಊಟದ ಹೊತ್ತಾಯಿತು ಎಂದು ಹೋದ. ಅಲ್ಲಿ ಹನ್ನೆರಡು ಹೊಡೆದರೆ ಬೆಂಕಿ ಬಿದ್ದರೂ ಬ್ರೆಡ್ ತಿಂದೇ ನಂದಿಸುತ್ತಾರೆ.

ಹಾಳೆಯಲ್ಲಿ ಎಂಟು ಸಾಲಿತ್ತು. ಮೂರು ಖಾಲಿ.

"ಖಾಲಿ ಬಿಟ್ರೆ ಚೆನ್ನಾಗಿರಲ್ಲ ಮೇಡಂ," ಎಂದು ಅಂಜಿನಪ್ಪ ಪೆನ್ನು ತೆಗೆದರು.

"ನೀರು ಜಾಸ್ತಿ ಬಿಟ್ಟಂಗೆ ಬಿಸಿ ಇಳೀತಾ ಬರ್ಬೇಕು. ಒಂದೂವರೆ ಡಿಗ್ರಿ ಕಮ್ಮಿ ಹಾಕ್ಕೊಂಡ್ ಹೋಗಿ," ಎಂದೆ ನಾನು.

ಹೀಗೆಂದದ್ದು ನಾನೇ. ಕೂದಲು ಬಾಚುತ್ತಾ ಗಂಟು ಹಾಕಿಕೊಳ್ಳುತ್ತೇವಲ್ಲ, ಅಷ್ಟು ಸಹಜವಾಗಿ. ತಪ್ಪು ಎಂದು ಅನ್ನಿಸಿ ಮಾಡಿದ್ದರೆ ಒಂದು ಮಾತು. ಅನ್ನಿಸಲೇ ಇಲ್ಲ.

ಮಧ್ಯಾಹ್ನ ನಮ್ಮ ಗೆರೆ ಗೋಡೆಯ ಮೇಲೆ ಮೂಡಿತು. ಎಂಟು ಚುಕ್ಕೆ, ನೂಲು ಹಿಡಿದು ಇಟ್ಟಂತೆ ಸಾಲಾಗಿ. ಉಳಿದ ತಂಡಗಳದ್ದು ಕೋಳಿ ಕೆದರಿದ ಕಣದಂತಿತ್ತು. ನನಗೆ ಒಳಗೊಳಗೇ ಹೆಮ್ಮೆ.

ಸ್ಯಾಂಡರ್ ಕೈ ಎತ್ತಿದ. "ಒಂದು ಅರ್ಥವಾಗಲಿಲ್ಲ. ಇಲ್ಲಿಯ ಕಂಪ್ಯೂಟರು ತನ್ನಷ್ಟಕ್ಕೆ ಹರಿವನ್ನು ಬರೆದುಕೊಳ್ಳುತ್ತದೆ. ಐದನೆಯ ರೀಡಿಂಗಿನ ಮೇಲೆ ಪಂಪು ನಿಂತಿತ್ತು, ಹರಿವು ಸೊನ್ನೆ. ಕೊನೆಯ ಮೂರನ್ನು ನೀವು ಹೇಗೆ ಅಳೆದಿರಿ? ಬೇರೆ ಮೀಟರ್ ಇತ್ತೇ?"

ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಕೊಂದದ್ದು. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ.

ಕಾಲ ಕೆಳಗಿನ ನೆಲ ಸರಿಯಿತು ಎಂದು ಜನ ಹೇಳುತ್ತಾರಲ್ಲ, ನನಗೆ ನೆಲ ಸರಿಯಲಿಲ್ಲ, ಗಟ್ಟಿಯಾಗಿ ಹಿಡಿದುಕೊಂಡಿತು, ಓಡಲು ಬಿಡಲಿಲ್ಲ. ಹನ್ನೆರಡು ಜೊತೆ ಕಣ್ಣು. ಅಂಜಿನಪ್ಪ ಪಕ್ಕದಿಂದ ಪಿಸುಗುಟ್ಟಿದರು: "ನಾನೇ ಬರ್ದಿದ್ದು ಅಂತ ಹೇಳಿಬಿಡಿ ಮೇಡಂ. ನನಗೇನು, ರಿಟೈರಾಗೋನು. ನಿಮ್ಮ ಹೆಸರು ಬೇಡ."

ಆ ಮಾತು ಕೇಳಿದ ಮೇಲೆ ಸುಳ್ಳಾಡಲು ಬಾಯಿ ಬರಲಿಲ್ಲ. "ಅಳೆಯಲಿಲ್ಲ," ಎಂದೆ. "ಇಬ್ಬರೂ ಸೇರಿ ಊಹಿಸಿ ಬರೆದೆವು."

ಯಾರೂ ನಗಲಿಲ್ಲ. ಮಾರೈಕೆ ಎದ್ದು ಹೋಗಿ ಕೊನೆಯ ಮೂರು ಚುಕ್ಕೆಗಳನ್ನು ಅಳಿಸಿದರು. "ನಮ್ಮ ವಿದ್ಯಾರ್ಥಿ ಹೀಗೆ ಮಾಡಿದ್ದರೆ ವಿಚಾರಣೆಗೆ ಹೋಗಬೇಕಿತ್ತು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಕೇಳಿದ ಕೂಡಲೇ ಹೇಳಿದಿರಿ. ಈಗ ನಿಮ್ಮ ಹತ್ತಿರ ಐದು ಇವೆ. ಐದರಿಂದ ಏನು ಹೇಳಬಹುದು, ಹೇಳಿ."

ಹೇಳಿದೆ. ಏನು ಹೇಳಿದೆನೋ ನೆನಪಿಲ್ಲ.

ಕಾಲುವೆಯ ದಂಡೆ

ಮನೆಗೆ ನಡೆದೇ ಹೊರಟೆವು. ಕಾಲುವೆಯಲ್ಲಿ ಬಾತುಕೋಳಿ, ದಂಡೆಯ ಮೇಲೆ ಗಾಳಿಗೆದುರಾಗಿ ಸೈಕಲ್ ತುಳಿಯುವ ಮುದುಕಿಯರು.

"ನಾನು ಮಾಡ್ತಿದ್ದಿದ್ದು ಮಕ್ಕಳಿಗೋಸ್ಕರ ಮೇಡಂ," ಎಂದರು ಅಂಜಿನಪ್ಪ. "ಪರೀಕ್ಷೆ ದಿನ ಕರೆಂಟ್ ಹೋಗ್ತದೆ. ಜನರೇಟರ್ ಹೀಟರ್ ಎಳೆಯಲ್ಲ. ಪೆರೇಸಂದ್ರದಿಂದ, ಗೌರಿಬಿದನೂರಿಂದ ಬಸ್ ಹತ್ಕೊಂಡ್ ಬಂದ ಮಕ್ಕಳು ಅಳ್ತಾ ನಿಂತ್ಕೊಂತವೆ. ಹಸಿರು ರಟ್ಟಿನ ಪುಸ್ತಕ ತೆಗ್ದು ರೀಡಿಂಗ್ ಕೊಡ್ತಿದ್ದೆ. ಒಂದು ಮಗೂದೂ ವರ್ಷ ಹೋಗ್ಲಿಲ್ಲ ನನ್ನ ಕೈಲಿ."

"ಗೊತ್ತು ಅಂಜಿನಪ್ಪ."

"ನಿಮಗೆ ಗೊತ್ತಿಲ್ದಿರೋದು ಒಂದೈತೆ." ನಿಂತರು. "ಆ ಪುಸ್ತಕದಲ್ಲಿರೋದು ನಮ್ಮ ಮಿಷನ್ ರೀಡಿಂಗೇ ಅಲ್ಲ."

"ಅಂದ್ರೆ?"

"ಮಿಷನ್ ಬರೋಕೆ ಮುಂಚೆನೇ ಪುಸ್ತಕ ಬಂತು. ಕಾಲೇಜು ಶುರುವಾದಾಗ ಇನ್‌ಸ್ಪೆಕ್ಷನ್ ಇತ್ತು, ಮಿಷನ್ ಇನ್ನೂ ದಾರೀಲಿತ್ತು. ನನಗಿಂತ ಮುಂಚೆ ಇದ್ದೋರು ಬೇರೆ ಯಾವುದೋ ಕಾಲೇಜಿಂದ ಬರ್ಕೊಂಡ್ ಬಂದ್ರಂತೆ. ಆಮೇಲೆ ಮಿಷನ್ ಬಂತು. ಪುಸ್ತಕ ಬದಲಾಯ್ಸಲೇ ಇಲ್ಲ. ಪೈಪು ಒಂದಿನಾನೂ ಬಿಚ್ಚಿಲ್ಲ."

ನಾನು ದಂಡೆಯ ಬೆಂಚಿನ ಮೇಲೆ ಕೂತೆ. ಯಾಕೆಂದರೆ ನಾನೂ ಅದೇ ಕಾಲೇಜಿನಲ್ಲಿ ಓದಿದವಳು. ಅದೇ ಪ್ರಯೋಗಕ್ಕೆ ನನ್ನ ರೆಕಾರ್ಡಿನ ಮೇಲೆ 'ವೆರಿ ಗುಡ್' ಬಿದ್ದಿತ್ತು. ಅಪ್ಪ ಅದನ್ನು ನೆಂಟರಿಗೆಲ್ಲ ತೋರಿಸಿದ್ದರು. ನಾನು ಕಂಡೇ ಇರದ ಊರಿನ, ಕಂಡೇ ಇರದ ಯಂತ್ರದ ನೀರಿನ ಬಿಸಿಯನ್ನು ಬರೆದು ಹೊಗಳಿಸಿಕೊಂಡಿದ್ದೆ. ಆಮೇಲೆ ಅದೇ ಉತ್ತರವನ್ನು ಇಷ್ಟು ವರ್ಷ ಮಕ್ಕಳಿಂದ ವಸೂಲಿ ಮಾಡಿದ್ದೆ. ನಮ್ಮಜ್ಜಿ ಒಂದು ಮಾತು ಹೇಳುತ್ತಿದ್ದಳು: ಹೊಲಿಗೆ ಬಿಚ್ಚಿದ ಮೇಲೇ ಬಟ್ಟೆ ಎಷ್ಟಿತ್ತು ಅಂತ ಗೊತ್ತಾಗೋದು.

"ಹಂಗಾದ್ರೆ ಆ ತಬಸ್ಸುಮ್..." ಎಂದೆ.

"ಆ ಮಗು ಒಂದೇ ಮೇಡಂ, ನಮ್ಮ ಮಿಷನ್ನ ನಿಜವಾಗಿ ಅಳೆದಿದ್ದು."

ವಾಪಸ್ಸು ಬರುವ ವಿಮಾನದಲ್ಲಿ ಹತ್ತು ಗಂಟೆ ನನ್ನ ಕಣ್ಣು ಮುಚ್ಚಲಿಲ್ಲ. ಅಂಕಪಟ್ಟಿಗೆ ಸೋಮವಾರ ಸಂಜೆಯೇ ಕೊನೆ.

ಚಿಕ್ಕಬಳ್ಳಾಪುರ

ಸೋಮವಾರ ಬೆಳಿಗ್ಗೆ ತಬಸ್ಸುಮ್‌ಳನ್ನು ಕರೆಸಿದೆ. ಮತ್ತೆ ಬೈಗುಳವೇನೋ ಎಂದು ದುಪಟ್ಟಾದ ತುದಿ ಹಿಂಡುತ್ತಾ ನಿಂತಳು. ಅಂಜಿನಪ್ಪ ಸ್ಪ್ಯಾನರ್ ಹಿಡಿದು ನೆಲಕ್ಕೆ ಕೂತು ಹೊರಗಿನ ಪೈಪಿನ ಬೋಲ್ಟು ಬಿಚ್ಚತೊಡಗಿದರು. ಎರಡು ಬೋಲ್ಟು ತುಕ್ಕು ಹಿಡಿದು ಅಲ್ಲಾಡಲಿಲ್ಲ. ಎಣ್ಣೆ ಬಿಟ್ಟು ಕಾದೆವು. ಒಳಗಿನ ಪೈಪು ಹೊರಬಂದಾಗ ಮೂವರೂ ಬಗ್ಗಿ ನೋಡಿದೆವು. ಅದರ ಮೈತುಂಬ ಬಿಳಿ ಹೆಪ್ಪು, ಅಕ್ಕಿರೊಟ್ಟಿಯಷ್ಟು ದಪ್ಪ. ನಮ್ಮ ಬೋರ್‌ವೆಲ್ ನೀರು ವರ್ಷಗಟ್ಟಲೆ ಬಿಟ್ಟುಹೋದದ್ದು. ಇದನ್ನು ದಾಟಿ ಶಾಖ ಹೋಗುವುದಾದರೂ ಹೇಗೆ?

ತಬಸ್ಸುಮ್ ಉಗುರಿನಿಂದ ಕೆರೆದು ನೋಡಿದಳು. "ಸುಣ್ಣ ಕಟ್ಟಿದೆ ಮೇಡಂ. ನಮ್ಮನೇಲಿ ರೇಷ್ಮೆಗೂಡು ಬೇಯ್ಸೋ ಪಾತ್ರೆಗೂ ಹಿಂಗೇ ಕಟ್ಟತ್ತೆ. ಕಟ್ಟಿದ್ರೆ ನೀರು ಕಾಯೋದೇ ಇಲ್ಲ, ಅಮ್ಮಿ ಬೈತಾನೇ ಇರ್ತಾರೆ."

"ತಪ್ಪು ನಂದು ಕಣಮ್ಮ," ಎಂದೆ. "ನಿನ್ನ ಆನ್ಸರ್ರೇ ಸರಿ. ಮೂರು ಸಲವೂ ಸರಿ."

ಅವಳು ಅಳಲಿಲ್ಲ, ನಗಲೂ ಇಲ್ಲ. "ಹಂಗಾದ್ರೆ ಸಹಿ ಹಾಕ್ತೀರಾ ಮೇಡಂ?"

ಹಾಕಿದೆ. ಪೈಪಿನ ಸುಣ್ಣ ಮೆತ್ತಿದ್ದ ಕೈಯಲ್ಲೇ ಹಾಕಿದೆ. ಪುಟಕ್ಕೆ ಹೆಬ್ಬೆರಳಿನ ಬಿಳಿ ಗುರುತು ಬಿತ್ತು.

ವಿಭಾಗದ ಮುಖ್ಯಸ್ಥರ ಮುಂದೆ ನಡೆದದ್ದೆಲ್ಲ ಹೇಳಿದೆ. "ಇದೆಲ್ಲ ಯಾಕ್ ಬೇಕಿತ್ತು ನಿಮಗೆ? ನೋಡಿ ಬನ್ನಿ ಅಂದ್ರೆ ಕೆದಕಿ ಬಂದ್ರಾ?" ಎಂದು ಕೂಗಾಡಿದರು. ಕಡೆಗೆ ನಮ್ಮ ವಿಶ್ವವಿದ್ಯಾಲಯಕ್ಕೆ ಬರೆದು, ಉಳಿದವರ ಅಂಕಕ್ಕೆ ಒಂದು ವಾರ ಸಮಯ ತೆಗೆದುಕೊಂಡರು. ಪೈಪನ್ನು ಸುಣ್ಣದ ಸಮೇತ ಮತ್ತೆ ಜೋಡಿಸಿದೆವು. ಇಡೀ ತರಗತಿ ಮತ್ತೆ ಅಳೆಯಬೇಕಾಯಿತು. "ನಿನ್ನಿಂದ ಎಲ್ರೂ ಇನ್ನೊಂದ್ಸಲ ಬರ್ಯಂಗಾಯ್ತು ಕಣೇ," ಎಂದು ಗೆಳತಿಯರು ತಬಸ್ಸುಮ್‌ಳನ್ನು ಕಾಡಿದರು. "ನನ್ನ ಕೈಲಿ ಮೂರು ಸಲ ಬರ್ಸಿದ್ರಲ್ಲ, ಆವಾಗ ಎಲ್ಲಿದ್ರಿ?" ಎಂದಳು. ಯಾರಿಗೂ ಪುಸ್ತಕದ ಉತ್ತರ ಬರಲಿಲ್ಲ. ಎಲ್ಲರಿಗೂ ಸಹಿ ಹಾಕಿದೆ.

ಇದಾದ ತಿಂಗಳಿಗೆ ಲ್ಯಾಬ್ ಪರೀಕ್ಷೆ. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಹಿರಿಯರು. ತಬಸ್ಸುಮ್ ಚೀಟಿ ಎತ್ತಿದಳು, ಅದೇ ಪ್ರಯೋಗ ಬಂತು. ಎರಡು ರೀಡಿಂಗ್ ತೆಗೆಯುವಷ್ಟರಲ್ಲಿ ಕರೆಂಟ್ ಹೋಯಿತು. ಪರೀಕ್ಷಕರು ವಾಚು ನೋಡಿಕೊಂಡು ಅಂಜಿನಪ್ಪನತ್ತ ತಿರುಗಿದರು.

"ಅಂಜಿನಪ್ಪ, ರೀಡಿಂಗ್ ಕೊಟ್ಬಿಡಿ. ನಾನು ಚಿಂತಾಮಣಿ ಬಸ್ ಹಿಡೀಬೇಕು."

"ಇಲ್ಲ ಸಾರ್," ಎಂದರು ಅಂಜಿನಪ್ಪ. "ಕರೆಂಟ್ ಬರ್ಲಿ. ಕಾಯಣ."

"ಕಾಯೋದಾ? ಇಷ್ಟು ವರ್ಷ ಎಕ್ಸಾಮಿಗೆ ಹೋಗಿದೀನಿ, ಯಾರೂ ಕಾಯ್ಸಿಲ್ಲ ನನ್ನ!" ನನ್ನತ್ತ ನೋಡಿದರು. ನಾನೂ ಕಾಯೋಣ ಸಾರ್ ಎಂದೆ.

ಎಲ್ಲರೂ ವರಾಂಡದಲ್ಲಿ ಕೂತೆವು. ಯಾರೋ ಕಡಲೆಕಾಯಿ ತಂದರು. ಪರೀಕ್ಷಕರು ಸಿಡುಕುತ್ತಲೇ ಸಿಪ್ಪೆ ಬಿಡಿಸಿದರು. ಬಸ್ಸು ಹೋಯಿತು. ಮೂರೂವರೆಗೆ ಕರೆಂಟ್ ಬಂತು. ತಬಸ್ಸುಮ್ ಕೈ ಒರೆಸಿಕೊಂಡು ಒಳಗೆ ಹೋಗಿ, ನೀರು ಮತ್ತೆ ಕಾಯುವವರೆಗೆ ನಿಂತಿದ್ದು, ಮೂರನೆಯ ರೀಡಿಂಗ್ ತೆಗೆದುಕೊಂಡಳು. ಆ ಪರೀಕ್ಷೆಯಲ್ಲಿ ಅವಳು ಪಾಸಾದಳು.